ಡಿಕ್ಕಿಯಲ್ಲಿ ಎರಡು ಚೀಲ

ನಾವುಂದ
18-2-2003, ಮಂಗಳವಾರ

ಚೇತನಾ, ಮಗಳೇ,

ಬೆಳಗಿನ ವಾಂತಿ ಕಡಿಮೆಯಾಯಿತಾ? ಗಂಜಿಯಾದರೂ ಹೊಟ್ಟೆಯಲ್ಲಿ ನಿಲ್ಲುತ್ತಿದೆಯಾ? ಅಪ್ಪಯ್ಯ ಕೇಳಿದ್ದಾರೆಂದು ಬರೆಯಲು ಹೇಳಿದರು. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ಅಪ್ಪಯ್ಯ ಕ್ಷೇಮ. ನನ್ನ ವಿಷಯ ಕೆಳಗೆ ಬರುತ್ತದೆ.

ಭಾನುವಾರ ನೀನು ಚಂದುವಿನ ಅಂಗಡಿಗೆ ಫೋನು ಮಾಡಿ, "ಬಾಳಂತನ ನಿನ್ ಹತ್ರವೇ ಅಲ್ದಾ ಅಮ್ಮ?" ಎಂದು ಕೇಳಿದೆ. ಮೊದಲ ಬಾಣಂತನ ತವರಿನಲ್ಲಿ ಎನ್ನುವುದು ಕೇಳಿ ತಿಳಿಯುವ ಮಾತಾ? ನನಗೆ ನನ್ನ ಅಮ್ಮ ಮಾಡಿದಳು, ಅವಳಿಗೆ ಅವಳ ಅಮ್ಮ ಮಾಡಿದಳು. ಕುಣಿದಾಡಿ ಹೌದು ಎನ್ನಬೇಕಾದ ನಾನು "ಕಾಂಬ, ಇನ್ನೂ ದಿನ ಇತ್ತಲ್ದಾ" ಎಂದು ಫೋನು ಇಟ್ಟುಬಿಟ್ಟೆ. ನಿನ್ನ ದನಿ ಸಣ್ಣಗಾದದ್ದು ನನಗೆ ಕೇಳಿಸದೆ ಹೋಗಲಿಲ್ಲ. ಆದರೆ ಆ ಅಂಗಡಿಯಲ್ಲಿ ನಿಂತು ನಾನು ಏನು ಬಿಡಿಸಿ ಹೇಳಲಿ? ಚಂದು ಮೆಣಸು ತೂಗುತ್ತಲೇ ಒಂದು ಕಿವಿಯನ್ನು ಇತ್ತ ಇಟ್ಟಿರುತ್ತಾಳೆ. ಆ ಕಡೆ ನಿಮ್ಮ ಫೋನಿರುವುದು ನಿನ್ನ ಅತ್ತೆಯ ಕುರ್ಚಿಯ ಪಕ್ಕದಲ್ಲಿ. ಅದಕ್ಕೇ ಈ ಕಾಗದ.

ಎಲ್ಲ ಶುರುವಾದದ್ದು ಆ ನೀಲಿ ಚೀಲದಿಂದ. ನಿನಗೆ ನಗು ಬರಬಹುದು. ನಗು.

ದೀಪಾವಳಿಗೆ ಜಿತೇಂದ್ರ ಮುಂಬಯಿಯಿಂದ ಬಂದಿದ್ದಾಗ ನೀವಿಬ್ಬರೂ ಕಾರಿನಲ್ಲಿ ಇಲ್ಲಿಗೆ ಬಂದಿರಲ್ಲ. ಕಾರು ಬಿಟ್ಟವಳು ನೀನು, ಪಕ್ಕದಲ್ಲಿ ಕೈಕಟ್ಟಿ ಕೂತವರು ಅಳಿಯಂದಿರು. ನಮ್ಮ ಓಣಿಗೆ ಒಬ್ಬ ಹೆಂಗಸು ಕಾರು ಬಿಟ್ಟುಕೊಂಡು ಬಂದದ್ದು ಅದೇ ಮೊದಲು. ಬಲೆ ಸರಿಮಾಡುತ್ತಿದ್ದ ಗಂಡಸರೆಲ್ಲ ಸೂಜಿ ಬಿಟ್ಟು ನೋಡಿದರು. ನನಗೆ ಎದೆ ಉಬ್ಬಿತ್ತು. ಹೊರಡುವಾಗ ತೆಂಗಿನಕಾಯಿ, ಒಣ ಸಿಗಡಿ ಇಡಲೆಂದು ನೀನು ಡಿಕ್ಕಿ ತೆಗೆದೆ. ಅಲ್ಲಿ ಅದು ಮಲಗಿತ್ತು. ನೀಲಿ ಬಟ್ಟೆ, ಸುತ್ತ ಬಿಳಿ ಅಂಚು, ಒಳಗೆ ಸಾಲಾಗಿ ಜೇಬು, ಪ್ರತಿ ಜೇಬಿಗೂ ಗುಂಡಿ. ಒಂದರಲ್ಲಿ ಸ್ಕ್ರೂಡ್ರೈವರು, ಒಂದರಲ್ಲಿ ಇಕ್ಕಳ, ಒಂದರಲ್ಲಿ ಫ್ಯೂಸು, ಒಂದರಲ್ಲಿ ಪುಟ್ಟ ಟಾರ್ಚು. "ಅತ್ತೆ ಹೊಲ್ದ್ ಕೊಟ್ಟದ್ದ್ ಅಮ್ಮ, ಚಂದ ಇತ್ತಲ್ದಾ? ದಾರಿ ಮೇಲ್ ಕಾರ್ ಕೈಕೊಟ್ರೆ ಹೆದ್ರುಕಾಗ ಅಂದ್ರ್" ಎಂದೆ ನೀನು. ಚಂದ ಇದೆ ಎಂದೆ ನಾನು. ನಗುತ್ತಲೇ ಹೇಳಿದೆ.

ನನಗೆ ಹೊಟ್ಟೆಕಿಚ್ಚಾಯಿತು. ಬೇರೆ ಮರ್ಯಾದೆಯ ಶಬ್ದವಿದ್ದರೆ ನೀನು ಓದಿದವಳು, ನೀನೇ ಹಾಕಿ ಓದಿಕೋ. ಹೆದರಬಾರದು ಎಂದು ನಿನಗೆ ಕಲಿಸಿದ್ದು ಯಾರು? ಅಲೆಯ ಸದ್ದಿಗೆ ಕಿರುಚುತ್ತಿದ್ದ ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡು ನೀರಿನೊಳಗೆ ಹೋಗಿ ನಿಂತವಳು ಯಾರು? ಅದೆಲ್ಲ ಕಡಲಿಗೆ ಹೋಯಿತು. ಈಗ ಹೆದರಬಾರದು ಎಂದು ಹೇಳಿದ ಪುಣ್ಯ ನಿನ್ನ ಅತ್ತೆ ಪದ್ದಕ್ಕನ ಪಾಲಿಗೆ. ಪದ್ದಕ್ಕ ನಮ್ಮವರೇ ಇರಬಹುದು. ಆದರೆ ಕಡಲು ಬಿಟ್ಟು ಬ್ರಹ್ಮಾವರದಲ್ಲಿ ಟೈಲರಂಗಡಿ ಹಾಕಿ ಎರಡು ತಲೆಮಾರಾದ ಮನೆ. ಮೀನು ತಿನ್ನುತ್ತಾರೆ, ಮುಟ್ಟುವಾಗ ಮೂಗು ಆ ಕಡೆ ಹೋಗುತ್ತದೆ. ಅಂಥವರ ಗುಂಡಿ ಹಾಕಿದ ಜೇಬು ನೋಡಿ ನನ್ನ ಮಗಳು ಕರಗಿ ಹೋದಳಲ್ಲ ಎಂದು ನನಗೆ ಅನಿಸಿತು. ನೀವು ಹೋದ ಮೇಲೆ ಅಪ್ಪಯ್ಯನ ಮೇಲೆ ಸುಮ್ಮನೆ ರೇಗಿದೆ. ಅವರಿಗೆ ಪಾಪ ಯಾಕೆಂದೇ ಗೊತ್ತಾಗಲಿಲ್ಲ.

ಆ ಮೇಲೆ ನಾನೊಂದು ದಿನ ಬಸ್ಸು ಹತ್ತಿ ತಲ್ಲೂರಿಗೆ ಹೋದೆ. ಹೈವೇ ಬದಿಯಲ್ಲಿ ಗಣಪನ ಗ್ಯಾರೇಜು ಇದೆಯಲ್ಲ, ನಮ್ಮ ಬೋಟಿನ ಇಂಜಿನು ನೋಡುತ್ತಿದ್ದವನು, ಈಗ ಕಾರು ರಿಪೇರಿ ಮಾಡುತ್ತಾನೆ. "ಎಂತ ಸುಗುಣಕ್ಕ, ದೋಣಿ ಮಾರಿ ಕಾರ್ ತಕಂಡ್ರ್ಯಾ?" ಎಂದು ನಕ್ಕ. ಹೆಣ್ಣುಮಗಳೊಬ್ಬಳು ಒಬ್ಬಳೇ ಕಾರು ಬಿಟ್ಟುಕೊಂಡು ಹೋಗುವಾಗ ಡಿಕ್ಕಿಯಲ್ಲಿ ಏನೇನು ಇರಬೇಕು, ಒಂದೂ ಬಿಡದೆ ಹೇಳು ಎಂದೆ. ಅವನು ಹೇಳುತ್ತ ಹೋದ, ನಾನು ತೆಗೆದುಕೊಳ್ಳುತ್ತ ಹೋದೆ. ಫ್ಯಾನ್ ಬೆಲ್ಟು ಒಂದು, ಪ್ಲಗ್ಗು, ತಂತಿ, ಅಂಟುಪಟ್ಟಿ. ಪೆಟ್ರೋಲು ಟ್ಯಾಂಕು ಸೋರಿದರೆ ಮೆತ್ತಲು ಬಟ್ಟೆಸೋಪು. ಚಕ್ರದ ಬೋಲ್ಟು ಬಿಚ್ಚುವ ಪಾನವನ್ನು ಕಂಪನಿಯವರೇ ಕೊಟ್ಟಿರುತ್ತಾರಂತೆ, ಆದರೆ ಅದರ ಹಿಡಿ ಗಿಡ್ಡ. ಅದಕ್ಕೆ ಸಿಕ್ಕಿಸಲೆಂದು ಮೊಳದುದ್ದದ ಕಬ್ಬಿಣದ ಪೈಪು ಕೊಯ್ದು ಕೊಟ್ಟ. "ಪೈಪ್ ಹಾಕಿ ಕಾಲಂಗೆ ಮೆಟ್ಟೂಕ್ ಹೇಳಿ, ಎಂಥ ಬೋಲ್ಟಾರೂ ತಿರ್ಗತ್ತ್" ಎಂದ. ನೀಲಿ ಚೀಲದಲ್ಲಿ ಆ ಪೈಪು ಇರಲಿಲ್ಲ. ನಾನು ನೋಡಿಕೊಂಡಿದ್ದೆ.

ಉಳಿದದ್ದು ನಮ್ಮ ಮನೆಯದು. ಅಪ್ಪಯ್ಯನ ಟ್ರಾಲ್ ಬೋಟಿನ ಹಗ್ಗ, ಎರಡೂ ತುದಿಗೆ ಅವರೇ ಎಳೆ ಹೆಣೆದು ಕೊಕ್ಕೆ ಸಿಕ್ಕಿಸಲು ಕಣ್ಣು ಮಾಡಿಕೊಟ್ಟರು. ಬೋಟು ಎಳೆದ ಹಗ್ಗ, ನಿನ್ನ ಕಾರು ಯಾವ ಲೆಕ್ಕ. ಮೂರು ಸೆಲ್ಲಿನ ಟಾರ್ಚು. ನನ್ನ ಹಳೆಯ ಕೆಂಪು ಸೀರೆಯ ತುಂಡು, ಕಟ್ಟಿಟ್ಟರೆ ಲಾರಿಯವರಿಗೆ ದೂರದಿಂದ ಕಾಣಲಿ ಎಂದು. ಮತ್ತೆ ಹಲಗೆ. ಹೊಯ್ಗೆಯ ಮೇಲೆ ಹಲಗೆ ಹಾಕದೆ ಏನನ್ನೂ ಎತ್ತಲಾಗುವುದಿಲ್ಲ, ದೂಡಲೂ ಆಗುವುದಿಲ್ಲ. ದೋಣಿಯವರ ಮನೆಯ ಮಕ್ಕಳಿಗೂ ಗೊತ್ತಿರುವ ಮಾತು ಇದು. ನಮ್ಮ ಕಡಲ ಬದಿಯ ರಸ್ತೆಯಲ್ಲಿ ಕಾರು ಡಾಮರು ಬಿಟ್ಟು ಇಳಿದರೆ ಕೆಳಗೆ ಬರೀ ಹೊಯ್ಗೆ, ಕಾಲು ಹೂಳುವ ಮರಳು. ಅಲ್ಲಿ ಜಾಕು ಇಟ್ಟರೆ ಕಾರು ಮೇಲೇಳುವುದಿಲ್ಲ, ಜಾಕು ಕೆಳಗೆ ಹೋಗುತ್ತದೆ. ಹಳೆ ದೋಣಿಯ ಒಂದು ಹಲಗೆಯನ್ನು ಡಿಕ್ಕಿಗೆ ಹಿಡಿಯುವಷ್ಟು ಕೊಯ್ಯಿಸಿದೆ. "ನಿಂಗ್ ಮರ್ಲಾ? ಅದ್ ಕಾರಾ, ಮಚ್ವೆ ದೋಣಿಯಾ?" ಎಂದರು ಅಪ್ಪಯ್ಯ. ಟಾರ್ಪಾಲಿನ ಚೀಲ ಮಾಡಿ ಬಲೆಯ ದಾರದಲ್ಲಿ ಹೊಲಿದೆ. ನನ್ನ ಹೊಲಿಗೆ ಗುಂಡಿ ಹಾಕಿದ ಹಾಗೆ ಚಂದವಿಲ್ಲ. ಆದರೆ ಬಿಚ್ಚಬೇಕಾದರೆ ಕತ್ತಿ ಬೇಕು.

ಸಂಕ್ರಾಂತಿಗೆ ಅದನ್ನು ಹೊತ್ತುಕೊಂಡು ಬ್ರಹ್ಮಾವರಕ್ಕೆ ಬಂದಾಗ ನೀನು ಎರಡೂ ಕೈಯಲ್ಲಿ ತೆಗೆದುಕೊಂಡು ನೀಲಿ ಚೀಲದ ಪಕ್ಕದಲ್ಲಿಟ್ಟೆ. ನಿನ್ನ ಅತ್ತೆ ಹೊಲಿಗೆಯನ್ನು ಮುಟ್ಟಿ ನೋಡಿ, "ಎಷ್ಟ್ ಗಟ್ಟಿ ಹೊಲ್ದ್ರಿ ಮಾರಾಯ್ರೆ!" ಎಂದರು. ತಮಾಷೆ ಮಾಡುತ್ತಿದ್ದಾರೆ ಎಂದೇ ನಾನು ತಿಳಿದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದೆ. ತಾಯಿಗಿಂತ ಬಂಧುವಿಲ್ಲ, ಉಪ್ಪಿಗಿಂತ ರುಚಿಯಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಸಮಾಧಾನ ಮಾಡಿಕೊಂಡೆ.

ಇನ್ನು ಕಳೆದ ಗುರುವಾರದ ಮಾತು. ಊಟಕ್ಕೆ ಕೂತ ಹೊತ್ತಿನಲ್ಲಿ ಸೀತು ಬಂದಳು. ನಮ್ಮ ಹಿಂದಿನ ಮನೆಯ ಸೀತು, ಗಂಗೊಳ್ಳಿಯಿಂದ ಮೀನು ತಂದು ಮಾರುತ್ತಾಳಲ್ಲ, ಅವಳೇ. ಬುಟ್ಟಿ ಇಳಿಸುವ ಮೊದಲೇ ಶುರುಮಾಡಿದಳು. "ಹ್ವಾಯ್ ಸುಗುಣಕ್ಕ, ನಿಮ್ಮ್ ಮಗಳ್ ಕಾರ್ ಮರವಂತೆಲ್ ಪಂಚರ್ ಆಯಿತ್ತ್. ಜಾಕ್ ಹಾಕ್ರೆ ಜಾಕೇ ಹೊಯ್ಗಿ ಒಳ್ಗ್ ಹೋತ್!" ಅವಳು ಬರುತ್ತಿದ್ದ ಟೆಂಪೋದಿಂದಲೇ ನೋಡಿದಳಂತೆ. ಆ ಮೇಲೆ ಯಾರೋ ಲಾರಿಯವರು ನಿಲ್ಲಿಸಿ, ಕಲ್ಲು ಹುಡುಕಿ ತಂದು, ಹೇಗೋ ಚಕ್ರ ಬದಲಿಸಿ ಕೊಟ್ಟರಂತೆ. ನನಗೆ ಗೊತ್ತಾಗುವಷ್ಟರಲ್ಲಿ ನೀನು ಅಲ್ಲಿಂದ ಹೊರಟೂ ಆಗಿತ್ತು.

ಬೇರೆ ಯಾವ ತಾಯಿಯಾದರೂ ಮೊದಲು ಏನು ಕೇಳುತ್ತಿದ್ದಳು? ಮಗಳಿಗೆ ಪೆಟ್ಟಾಯಿತಾ ಎಂದು. ನಾನು ಕೇಳಿದ್ದು, ನೆಲದ ಮೇಲೆ ಯಾವ ಚೀಲ ಇತ್ತು ಎಂದು. "ನೀಲಿದ್ ಒಂದ್ ಇದ್ದಿತ್" ಎಂದಳು ಸೀತು. ನನ್ನ ಚೀಲ ಕಾರಿನಲ್ಲೇ ಇರಲಿಲ್ಲ ಎಂದು ಆಗಲೇ ಗೊತ್ತಾಯಿತು. ಇದ್ದಿದ್ದರೆ ಹಲಗೆಯನ್ನು ಹಾಕದೆ ಬಿಡುವವಳಲ್ಲ ನೀನು, ಎಷ್ಟಾದರೂ ದೋಣಿಯವರ ಮಗಳು. ಹಾಗಾದರೆ ನನ್ನ ಚೀಲವನ್ನು ಎಲ್ಲಿ ಬಿಸಾಡಿದೆ? ಯಾರು ಬಿಸಾಡಲು ಹೇಳಿದರು? ಮೊದಲು ಅದು ಚುಚ್ಚಿತು. ಅದರ ಹಿಂದೆಯೇ ಇನ್ನೊಂದು ಬಂತು, ಅದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಖುಷಿಯಾಯಿತು, ಚೇತನಾ. ಅಷ್ಟೂ ಜೇಬು, ಅಷ್ಟೂ ಗುಂಡಿ ಹೊಯ್ಗೆಯ ಮುಂದೆ ಏನೂ ಮಾಡಲಾಗದೆ ಕೂತವಲ್ಲ ಎಂದು ಖುಷಿಯಾಯಿತು. ಆ ದಿನ ಸೀತುವಿನ ಹತ್ತಿರ ಬಂಗುಡೆ ಹೆಚ್ಚೇ ತೆಗೆದುಕೊಂಡು ಖಾರ ಅರೆದು ಹುರಿದೆ.

ಅದೂ ಸಾಲದೆ ಇನ್ನೊಂದು ಕೋಪ. ಮರವಂತೆಯವರೆಗೆ ಬಂದವಳು, ನಾವುಂದಕ್ಕೆ ಇನ್ನೆಷ್ಟು ದೂರ? ಹಾಗೇ ಕಾರು ತಿರುಗಿಸಿ ವಾಪಸು ಹೋದಳಲ್ಲ, ತಾಯಿಮನೆಯ ನೆನಪೂ ಆಗಲಿಲ್ಲವಾ ಎಂದು ಶುಕ್ರವಾರವಿಡೀ ಗೊಣಗಿದೆ. ನೀನು ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ.

ಶನಿವಾರ ಪದ್ದಕ್ಕ ಬಂದರು. ನೀನು ಆಫೀಸಿಗೆ ಹೋದ ಮೇಲೆ, ನಿನಗೂ ಹೇಳದೆ, ಬಸ್ಸಿನಲ್ಲಿ, ಒಬ್ಬರೇ. ಗಂಟುನೋವಿನ ಕಾಲೆಳೆಯುತ್ತ, ಹೆಗಲಲ್ಲಿ ನನ್ನ ಟಾರ್ಪಾಲಿನ ಚೀಲ ಹಾಕಿಕೊಂಡು ಓಣಿಯಲ್ಲಿ ಬರುವುದು ಕಂಡಿತು. ಚೀಲವನ್ನು ಹಿಂದೆ ಕೊಡಲು ಬಂದರು, ಜಗಳಕ್ಕೇ ಬಂದರು ಎಂದು ನಾನು ಸೆರಗು ಬಿಗಿದು ನಿಂತೆ. ಅವರು ಜಗಲಿಯಲ್ಲಿ ಕೂತು ಮೊದಲು ಹಗ್ಗ ತೆಗೆದರು. ಬಿಳಿಚಿಕೊಂಡಿತ್ತು. ಬಿಸಿನೀರು, ಸೋಪು, ಲಿಂಬೆ ಎಲ್ಲ ಹಾಕಿ ತಿಕ್ಕಿ, ದಿನಾ ಬಿಸಿಲಿಗೆ ಹಾಕಿದ್ದರಂತೆ. "ಇಷ್ಟ್ ತೊಳ್ದೆ, ಇನ್ನೂ ಚೂರ್ ವಾಸ್ನಿ ಬತ್ತಾ ಕಾಣಿ" ಎಂದು ನನ್ನ ಮೂಗಿಗೇ ಹಿಡಿದರು. ನನಗೆ ಯಾವ ವಾಸನೆಯೂ ಬರಲಿಲ್ಲ. ಅದರಲ್ಲಿ ಮೊದಲು ಮೀನಿನ ವಾಸನೆ ಇತ್ತು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಹುಟ್ಟಿದಂದಿನಿಂದ ಮೂಗಿನೊಳಗೇ ಇರುವುದು ಮೂಗಿಗೆ ಹೇಗೆ ತಿಳಿಯಬೇಕು?

ಆಗ ಅವರು ಹೇಳಿದರು. ಸಂಕ್ರಾಂತಿಯ ಮರುದಿನದಿಂದಲೇ ನಿನಗೆ ಕಾರಿನಲ್ಲಿ ಕೂತರೆ ಹೊಟ್ಟೆ ತೊಳಸುತ್ತಿತ್ತಂತೆ. ಚೀಲವನ್ನು ನೀನೇ ತೆಗೆದು ಕೊಟ್ಟಿಗೆಯಲ್ಲಿ ತೂಗುಹಾಕಿ, "ಅಮ್ಮನಿಗೆ ಹೇಳ್ಬೇಡಿ, ಬೇಜಾರ್ ಮಾಡ್ಕಂತ್ರ್" ಎಂದೆಯಂತೆ. ಬಿಸಿಲಿಗೆ ಹೀಗಾಗುತ್ತದೆ ಎಂದು ಅತ್ತೆಯ ಹತ್ತಿರ ಸುಳ್ಳು ಹೇಳಿದೆಯಂತೆ. ಗುರುವಾರ ಪಂಚರಾಗಿ, ಬಿಸಿಲಿನಲ್ಲಿ ನಿಂತು, ಎರಡು ಸಲ ವಾಂತಿ ಮಾಡಿಕೊಂಡು ಮನೆಗೆ ಬಂದು ಮಲಗಿದ ಮೇಲೆಯೇ ನಿನ್ನ ಬಾಯಿಯಿಂದ ಹೊರಟದ್ದು, ಮೂರು ತಿಂಗಳಾಯಿತು ಎಂದು.

"ನಂಗ್ ಹೇಳ್ಲಿಲ್ಲ ಸುಗುಣಕ್ಕ" ಎಂದರು ಪದ್ದಕ್ಕ. "ಮೊದ್ಲ್ ಅಮ್ಮಂಗ್ ಹೇಳ್ಕ್ ಅಂದೇಳಿ ರಜೆ ಹಾಕಿ ಹೊರ್ಟದ್ದ್ ಅದ್. ಒಂದೇ ಮನೆಲ್ ಇದ್ದ್, ದಿನಾ ಗಂಜಿ ಬಡ್ಸಿ, ನಾನ್ ಎಂತಕ್ ಇಪ್ಪುದ್ ಹಾಂಗಾರೆ?" ಅವರ ಕಣ್ಣು ತುಂಬಿತ್ತು. ಆ ಕಣ್ಣಿನಲ್ಲಿದ್ದದ್ದು ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದೀಪಾವಳಿಯಿಂದ ಈಚೆಗೆ ಕನ್ನಡಿಯಲ್ಲಿ ದಿನಾ ನೋಡಿದ್ದೇ ಅದು.

ಅಂದರೆ ಗೆದ್ದವಳು ನಾನು. ನನ್ನ ಮಗಳು ಮೊದಲು ನನಗೇ ಹೇಳಲು ಹೊರಟಿದ್ದಳು. ಅವರ ಎದುರಿನಲ್ಲೇ ಕುಣಿಯಬೇಕು ಎನಿಸುವ ಸುದ್ದಿ. ಆದರೆ ಪದ್ದಕ್ಕ ಅಷ್ಟಕ್ಕೇ ನಿಲ್ಲಿಸಲಿಲ್ಲ. ನನ್ನ ಕೈ ಹಿಡಿದುಕೊಂಡು, "ಪಾಪ, ನಿಮ್ಗ್ ಗೊತ್ತಾಗಿದ್ರೆ ಓಡ್ಕಂಡ್ ಬತ್ತಿದ್ರಿ. ಹೆತ್ತ್ ಹೊಟ್ಟೆ ಅಲ್ದಾ?" ಎಂದರು. ನಾನು ಕಾಫಿ ಮಾಡುತ್ತೇನೆ ಎಂದು ಒಳಗೆ ಹೋದೆ.

ಮಧ್ಯಾಹ್ನ ಇಲ್ಲೇ ಉಂಡರು. ಬಂಗುಡೆಯ ಗಸಿಯನ್ನು ಎರಡು ಸಲ ಹಾಕಿಸಿಕೊಂಡರು. ನನ್ನ ಕೈರುಚಿ ನಿನಗೆ ಬಂದಿಲ್ಲವಂತೆ, ಅದನ್ನೂ ಹೇಳಿದರು. ಸಂಜೆಯ ಬಸ್ಸಿಗೆ ಹತ್ತಿಸಿ ಬಂದೆ. ಈಗ ನಿಜ ಹೇಳುತ್ತೇನೆ, ಅವರು ಒಳ್ಳೆಯವರು. ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು.

ಇನ್ನು ಬಾಣಂತನದ ಮಾತು. ಆಗಸ್ಟಿಗೆ ದಿನ ತುಂಬುತ್ತದೆ ಎಂದೆಯಲ್ಲ. ಆಗ ಕಡಲು ಏರಿರುತ್ತದೆ, ಬೋಟುಗಳೆಲ್ಲ ದಡದಲ್ಲಿ, ಅಪ್ಪಯ್ಯ ಮನೆಯಲ್ಲೇ ಇರುತ್ತಾರೆ. ಕುಂದಾಪುರದ ಆಸ್ಪತ್ರೆಗೆ ಹೋಗಲು ಗಣಪನೇ ಕಾರು ತಂದು ನಿಲ್ಲಿಸುತ್ತಾನಂತೆ, ಕೇಳಿಯಾಗಿದೆ. ಪಡುವಣದ ಕೋಣೆ ನಿನಗೆ. ಪದ್ದಕ್ಕನೂ ಬಂದು ಇರಲಿ, ಒಂದು ವಾರ. ಬೇಕಾದರೆ ಎರಡು. ಮಗುವಿನ ಬಟ್ಟೆ ಅವರು ಹೊಲಿಯಲಿ, ಗುಂಡಿ ಎಷ್ಟು ಬೇಕಾದರೂ ಹಾಕಲಿ. ಎಣ್ಣೆ ಹಚ್ಚಿ ಮೀಯಿಸುವುದು ಮಾತ್ರ ನಾನೇ. ಅದನ್ನು ಈಗಲೇ ಹೇಳಿಡು.

ಅಲ್ಲಿಯವರೆಗೆ ಎರಡೂ ಚೀಲ ಡಿಕ್ಕಿಯಲ್ಲಿರಲಿ. ಹಗ್ಗದ ವಾಸನೆ ಇನ್ನೂ ಬಂದರೆ ಅದೊಂದನ್ನು ತೆಗೆದಿಡು, ಅದಕ್ಕೆ ನಾನು ಮುಖ ಊದಿಸುವುದಿಲ್ಲ. ಚೀಲವನ್ನು ಪದ್ದಕ್ಕನ ಕೈಯಲ್ಲೇ ಕಳಿಸಿದ್ದೇನೆ, ಸಿಕ್ಕಿತು ತಾನೆ? ಪಂಚರಾದರೆ ನೀನು ಈಗ ಬಗ್ಗಿ ಜಾಕು ತಿರುಗಿಸಬಾರದು. ಸೀರೆಯ ತುಂಡು ಕಟ್ಟಿ ನೆರಳಲ್ಲಿ ಕೂತಿರು, ಯಾರಾದರೂ ನಿಲ್ಲಿಸುತ್ತಾರೆ. ಬಂದವರು ಗಂಡಸರಾದರೂ ಹಲಗೆ ಇಡಲು ನೀನೇ ಹೇಳು, ಅವರಿಗೆ ತಾವಾಗಿ ಹೊಳೆಯುವುದಿಲ್ಲ. ಜಿತೇಂದ್ರನಿಗೆ ಫೋನು ಮಾಡಿದಾಗ ನಮ್ಮ ನೆನಪು ಹೇಳು.

ನಿನ್ನನ್ನು ಹೆತ್ತ ಅಮ್ಮ,
ಸುಗುಣ

ಮತ್ತೊಂದು ಮಾತು: ಇಷ್ಟು ಬರೆದು ಕವರಿಗೆ ಅಂಟು ಹಚ್ಚಿದ್ದೆ. ಆವಿಗೆ ಹಿಡಿದು ಬಿಡಿಸಿದೆ.

ಸೀತು ಬಂದದ್ದು ಊಟದ ಹೊತ್ತಿಗಲ್ಲ. ಬೆಳಿಗ್ಗೆಯೇ ಬಂದಿದ್ದಳು. ನೀನು ಇನ್ನೂ ಅಲ್ಲೇ ನಿಂತಿದ್ದೆ. "ಬೇಗ ಹೋಯ್ನಿ ಸುಗುಣಕ್ಕ, ಹೆಣ್ಣ್ ಒಂದೇ ಇತ್ತ್, ಮುಖ ಬಾಡ್ ಹೋಯಿತ್ತ್" ಎಂದೇ ಅವಳು ಹೇಳಿದ್ದು. ಚೆನ್ನಯ್ಯನ ರಿಕ್ಷಾ ನಮ್ಮ ಬಾಗಿಲಲ್ಲಿತ್ತು. ಅವನು "ಹೋಪನಾ ಅಕ್ಕ?" ಎಂದು ಸ್ಟಾರ್ಟು ಕೂಡ ಮಾಡಿದ. ಮೀನು ಕೊಯ್ಯಲಿಕ್ಕಿದೆ, ನೀನು ನಿನ್ನ ಬಾಡಿಗೆಗೆ ಹೋಗು ಎಂದೆ. ನೀಲಿ ಚೀಲದವರೇ ಬಂದು ಎತ್ತಲಿ ಎಂದು ಮನಸ್ಸಿನಲ್ಲಿ ಹೇಳಿಕೊಂಡು ಒಳಗೆ ಬಂದೆ. ನೀನು ಬಿಸಿಲಿನಲ್ಲಿ ವಾಂತಿ ಮಾಡುತ್ತಿದ್ದಾಗ ನಾನು ಇಲ್ಲಿ ಖಾರ ಅರೆಯುತ್ತಿದ್ದೆ. ಅಪ್ಪಯ್ಯ ಆ ದಿನ ಕಡಲಿನಲ್ಲಿದ್ದರು, ಅವರಿಗೆ ಇದು ಗೊತ್ತಿಲ್ಲ. ಪದ್ದಕ್ಕನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಫೋನಿನಲ್ಲಿ ಹೌದು ಎನ್ನಲಾಗದೆ ಹೋದದ್ದು ಇದಕ್ಕೆ. ಬಾಣಂತನ ಎಲ್ಲಿ ಎಂದು ಕೇಳಿದೆಯಲ್ಲ. ಇದನ್ನು ಓದಿದ ಮೇಲೂ ಕೇಳಬೇಕೆಂದು ಅನಿಸಿದರೆ ಇನ್ನೊಮ್ಮೆ ಕೇಳು, ಮಗಳೇ. ಹೌದು ಎನ್ನುತ್ತೇನೆ.